ಎರಡು ಅಡಿ ಟೇಪು

ಕ್ಯಾಸೆಟ್ಟಿನ ಟೇಪನ್ನು ಕತ್ತರಿಸಿ ಜೋಡಿಸುವಾಗ ಬ್ಲೇಡನ್ನು ಓರೆಯಾಗಿ ಹಿಡಿಯಬೇಕು. ನೇರವಾಗಿ ಕತ್ತರಿಸಿದರೆ ಜೋಡಣೆಯ ಜಾಗದಲ್ಲಿ ಟಪ್ಪೆಂದು ಸದ್ದಾಗುತ್ತದೆ. ಓರೆಯಾಗಿದ್ದರೆ ಒಂದು ದನಿ ಇಳಿಯುತ್ತಿರುವಾಗಲೇ ಇನ್ನೊಂದು ಏರಿಕೊಂಡು, ಅಲ್ಲಿ ಬ್ಲೇಡು ಆಡಿದೆ ಎಂಬುದೇ ಯಾರಿಗೂ ತಿಳಿಯುವುದಿಲ್ಲ. ಈ ಕೆಲಸವನ್ನು ನಾನು ಎಷ್ಟು ಸಲ ಮಾಡಿದ್ದೇನೋ ನೆನಪಿಲ್ಲ. ಕೈ ತಾನೇ ಮಾಡಿ ಮುಗಿಸುತ್ತದೆ. ಕೈ ತಾನೇ ಮಾಡುವಾಗ ತಲೆ ಬೇರೆಲ್ಲೋ ಇರುತ್ತದೆ ಎಂಬುದು ಮಾತ್ರ ನನಗೆ ಈ ಹಾಡು ಮಾಡುವಾಗ ಗೊತ್ತಾಯಿತು.

ಹೊಸಪೇಟೆಯಲ್ಲಿ ಪಂಪ್‌ಸೆಟ್ ಮಾರುವ ಅಂಗಡಿಯೊಂದರ ಮಹಡಿಯ ಮೇಲೆ ನನ್ನ ಸ್ಟುಡಿಯೋ. ಅಲ್ಲಿ ತಯಾರಾಗುವುದು ಹೆಚ್ಚಾಗಿ ದೇವರ ಹಾಡು, ಬಟ್ಟೆ ಅಂಗಡಿಗಳ ಆಟೋ ಪ್ರಚಾರ, ಚುನಾವಣೆ ಬಂದರೆ ಅಭ್ಯರ್ಥಿಯ ಗುಣಗಾನ. ಬೆಳಿಗ್ಗೆ ನಮ್ಮ ಬೀದಿಗಳಲ್ಲಿ ಕಸದ ಗಾಡಿ ‘ಹಸಿ ಕಸ ಬೇರೆ, ಒಣ ಕಸ ಬೇರೆ’ ಎಂದು ಹಾಡುತ್ತ ಹೋಗುತ್ತದಲ್ಲ, ಆ ದನಿಯೂ ನನ್ನದೇ. ಇಂಥ ಜಾಗಕ್ಕೆ ಒಂದು ಭಾನುವಾರ ಇಬ್ಬರು ಮೆಟ್ಟಿಲು ಹತ್ತಿ ಬಂದರು. ಒಬ್ಬ ಹಾಡುಗಾರ, ಗಿಟಾರೂ ಅವನದೇ. ಊರು ಎಮ್ಮಿಗನೂರು, ಕೆಲಸ ದೋಣಿಮಲೈ ಗಣಿಯಲ್ಲಿ ಎಲೆಕ್ಟ್ರಿಷಿಯನ್. ಇನ್ನೊಬ್ಬ ಡ್ರಮ್ಮಿನವನು, ಕಂಪ್ಲಿಯಲ್ಲಿ ಅವನ ಮನೆಯವರದು ಅಕ್ಕಿ ಗಿರಣಿ.

“ಸಾರ್, ಹಾಡು ಕೇಳಿದೋರಿಗೆ ತಲಿ ಗಿರ್ರ್ ಅನ್ನಬೇಕ್ರಿ,” ಅಂದ ಹಾಡುಗಾರ. “ಸೈಕೆಡೆಲಿಕ್ ರಾಕ್ ಅಂತಾರ ಅದಕ್ಕ.”

“ತಲಿ ಗಿರ್ರ್ ಅನ್ನಾಕ ಸಂಡೂರಿನಿಂದ ದೋಣಿಮಲೈ ಬಸ್ ಹತ್ತಿದ್ರ ಸಾಕಲ್ಲಪ್ಪ, ಹಾಡ್ಯಾಕ ಬೇಕು?” ಅಂದೆ. ಅವರು ನಕ್ಕರು. ನಾನೂ ನಕ್ಕೆ. ಒಳಗೊಳಗೆ ಮಾತ್ರ ನನಗೆ ಹುಮ್ಮಸ್ಸು ಬಂದುಬಿಟ್ಟಿತ್ತು. ಇಷ್ಟು ವರ್ಷದಲ್ಲಿ ನನ್ನ ಹತ್ತಿರ ಯಾರೂ ದನಿಯನ್ನು ಹಾಳುಮಾಡಿ ಕೊಡಿ ಎಂದು ಕೇಳಿರಲಿಲ್ಲ. ಎಲ್ಲರಿಗೂ ಬೇಕಾದ್ದು ಒಂದೇ, ಸ್ವಲ್ಪ ಎಕೋ ಜಾಸ್ತಿ.

ಹಾಡು ಕಾಲುವೆಯ ಬಗ್ಗೆ. ಕಾಲುವೆಗೆ ನೀರು ಬಿಟ್ಟ ದಿನ ಅದರ ದಂಡೆಯ ಮೇಲೆ ನಿಂತವನಿಗೆ ಊರು, ಮರ, ಎತ್ತು ಎಲ್ಲ ತಲೆಕೆಳಗಾಗಿ ಕಾಣುತ್ತವೆ, ಅವನು ಆ ಕೆಳಗಿನ ಊರಿಗೇ ನಡೆದು ಹೋಗುತ್ತಾನೆ, ಅಷ್ಟೇ ಕಥೆ. ಏಳು ನಿಮಿಷದ ಹಾಡು. ಕಂಪ್ಯೂಟರಿನಲ್ಲಿ ಗುಂಡಿ ಒತ್ತಿದರೆ ಬರುವ ತಿರುಗುವ ಸದ್ದು, ಗುಹೆಯ ಸದ್ದು ಅವನಿಗೆ ಬೇಡವಾಗಿತ್ತು. “ನಮ್ಮ ಕಡೀದ ಸದ್ದ ಬೇಕ್ರಿ,” ಅನ್ನುತ್ತಿದ್ದ.

ಹಾಗಾಗಿ ಗಿಟಾರಿನ ದನಿಯನ್ನು ತಿರುಗಿಸಲು ಹಂಪಿಯ ಹೊಳೆಗೆ ಹೋದೆವು. ಬ್ಯಾಟರಿಯ ಮೇಲೆ ನಡೆಯುವ ಸ್ಪೀಕರನ್ನು ಹರಿಗೋಲಿನಲ್ಲಿಟ್ಟು, ದಂಡೆಯ ಮೇಲೆ ಹದಿನೈದು ಅಡಿ ಅಂತರದಲ್ಲಿ ಎರಡು ಮೈಕ್ ನಿಲ್ಲಿಸಿದೆ. ಹರಿಗೋಲು ತನ್ನ ಸುತ್ತ ತಾನೇ ತಿರುಗಿದರೆ ಸ್ಪೀಕರಿನ ಮುಖ ಒಮ್ಮೆ ನಮ್ಮ ಕಡೆಗೆ, ಒಮ್ಮೆ ಆಚೆ ದಡಕ್ಕೆ. ಹರಿಗೋಲಿನವನು ಹುಟ್ಟು ಹಿಡಿದು ಕೇಳಿದ, “ಎಷ್ಟು ಸುತ್ತ ಹಾಕ್ಲಿ ಸಾರ್? ಫಾರಿನ್ನೋರು ಹತ್ತು ಸುತ್ತಿಗೆ ವಾಂತಿ ಮಾಡ್ಕೊಂತಾರ.”

“ಡಬ್ಬಿಗೆ ವಾಂತಿ ಆಗಂಗಿಲ್ಲಪ್ಪ, ನೀ ತಿರುವು,” ಅಂದೆ.

ಮೊದಲ ಸಲ ಬರೀ ಗಾಳಿ ತುಂಬಿತು. ಎರಡನೆಯ ಸಲ ಮೈಕಿಗೆ ನನ್ನ ಉಣ್ಣೆಯ ಮಫ್ಲರ್ ಸುತ್ತಿದೆ. ಮೂರನೆಯದರಲ್ಲಿ ನಲವತ್ತು ಸೆಕೆಂಡು ಸಿಕ್ಕಿತು. ಗಿಟಾರು ಬಂದು ಹೋಗಿ ಬಂದು ಹೋಗಿ, ಸ್ವರ ತುಸು ಏರಿ ತುಸು ಇಳಿಯುತ್ತಿತ್ತು. ಹಾಡುಗಾರ ಹೆಡ್‌ಫೋನ್ ಹಾಕಿಕೊಂಡು ಬಂಡೆಯ ಮೇಲೆ ಕೂತವನು ಎದ್ದೇಳಲಿಲ್ಲ. ಡ್ರಮ್ಮನ್ನು ಕಂಪ್ಲಿಯಲ್ಲಿ, ಗಿರಣಿಯ ಖಾಲಿ ಗೋದಾಮಿನಲ್ಲಿ ರೆಕಾರ್ಡ್ ಮಾಡಿದೆವು. ಮಧ್ಯಾಹ್ನ ಕರೆಂಟು ಹೋಗಿ ಯಂತ್ರಗಳು ನಿಂತ ಒಂದು ಗಂಟೆಯೇ ನಮ್ಮ ಗಂಟೆ. ಒಂದು ಪೆಟ್ಟು ಬಿದ್ದರೆ ತಗಡಿನ ಮಾಡಿನಲ್ಲಿ ಅದು ಮೂರು ಸೆಕೆಂಡು ಓಡಾಡುತ್ತಿತ್ತು. ಪಾರಿವಾಳಗಳು ಎದ್ದಾಗಲೆಲ್ಲ ಮತ್ತೆ ಮೊದಲಿನಿಂದ ಶುರು.

ಹಾಡಿನ ನಡುವೆ ಎರಡು ನಿಮಿಷದ ಜಾಗ ಖಾಲಿ ಉಳಿದಿತ್ತು. ಅವನು ಕೆಳಗಿನ ಊರಿಗೆ ಹೋಗಿ ತಲುಪುವ ಜಾಗ ಅದು. ಅಲ್ಲಿ ಏನು ಹಾಕಿದರೂ ಸರಿಹೋಗುತ್ತಿರಲಿಲ್ಲ. ಆಮೇಲಿನ ಭಾನುವಾರ ಹಾಡುಗಾರ ಒಂದು ಕ್ಯಾಸೆಟ್ಟು ತಂದು ಮೇಜಿನ ಮೇಲಿಟ್ಟ.

“ಅವ್ವ ಹಾಡಿದ್ದು ಸಾರ್, ನಾಟಿ ಹಚ್ಚುವಾಗಿನ ಹಾಡು. ನಾ ಹುಟ್ಟಾಕಿಂತ ಮೊದಲಿಂದು. ಮನಿ ಟೇಪ್‌ರೆಕಾರ್ಡರ್ ಕೆಟ್ಟು ಭಾಳ ವರ್ಷ ಆತು. ಕೊಡವ್ವ, ನಮ್ಮ ಹಾಡಿನಾಗ ಹಾಕ್ತೀವಿ ಅಂದೆ. ಒಯ್ಯಿ, ಆದ್ರ ಕೊನೀತನ ಕೇಳಂಗ ಮಾಡಿಸ್ಕೊಂಡು ಬಾ ಅಂದ್ಲು.”

ಕ್ಯಾಸೆಟ್ಟು ಹಳೆಯದಾಗಿದ್ದರೂ ಬೂಷ್ಟು ಹಿಡಿದಿರಲಿಲ್ಲ. ಜೋಪಾನ ಮಾಡಿದ್ದರು. ಆದರೆ ಎ ಬದಿಯ ಶುರುವಿನಲ್ಲಿ ಟೇಪು ಸುಕ್ಕುಗಟ್ಟಿ, ಹಾಕಿದ ಕೂಡಲೇ ರೋಲರಿಗೆ ಸುತ್ತಿಕೊಳ್ಳುತ್ತಿತ್ತು. ಎರಡು ಸಲ ಬಿಡಿಸಿದೆ. ಮೂರನೆಯ ಸಲವೂ ಸುತ್ತಿಕೊಂಡಾಗ ಸಿಟ್ಟು ಬಂತು. ಕೈಯಿಂದಲೇ ಮೆಲ್ಲಗೆ ಎಳೆದು ಕೇಳಿದರೆ ಆ ಭಾಗದಲ್ಲಿ ಹಾಡೇನೂ ಇರಲಿಲ್ಲ, ಬರೀ ಸುಯ್ ಸದ್ದು. ಹಾಡು ಶುರುವಾಗುತ್ತಿದ್ದುದು ಅದರ ನಂತರ. ಸುಕ್ಕಾದ ಎರಡು ಅಡಿ ಟೇಪನ್ನು, ಅಂದರೆ ಹದಿಮೂರು ಸೆಕೆಂಡಿನಷ್ಟನ್ನು, ಓರೆಯಾಗಿ ಕತ್ತರಿಸಿ, ಉಳಿದದ್ದನ್ನು ತುದಿಯ ಬಿಳಿಯ ಪಟ್ಟಿಗೆ ಜೋಡಿಸಿ, ತುಂಡನ್ನು ಬುಟ್ಟಿಗೆ ಎಸೆದೆ. ಈಗ ಕ್ಯಾಸೆಟ್ಟು ಸರಾಗವಾಗಿ ತಿರುಗಿತು. ಚಹಾ ಕುಡಿದೆವು.

ಹಾಡನ್ನು ಕಂಪ್ಯೂಟರಿಗೆ ಇಳಿಸಲು ಕೂತಾಗ ನನ್ನ ಮಾಮೂಲಿ ಡೆಕ್ಕಿನ ಬೆಲ್ಟು ಹರಿಯಿತು. ಹಾಗಾಗಿ ಹಳೆಯ ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ಯಂತ್ರವನ್ನು ಹೊರತೆಗೆದೆ. ಕ್ಯಾಸೆಟ್ಟಿನ ಟೇಪಿನಲ್ಲಿ ಎರಡು ಬದಿಯ ಹಾಡೂ ಒಂದರ ಪಕ್ಕ ಒಂದು ಇರುತ್ತವೆ, ಎ ಬದಿ ಹೋಗುವ ದಿಕ್ಕಿಗೆ ಬಿ ಬದಿ ಎದುರು ಬರುತ್ತದೆ. ಮಾಮೂಲಿ ಡೆಕ್ಕು ಒಂದು ಬದಿಯನ್ನು ಮಾತ್ರ ಓದುತ್ತದೆ. ಈ ಯಂತ್ರ ಬದಿಗೆ ಎರಡರಂತೆ ನಾಲ್ಕು ಸಾಲನ್ನೂ ಒಂದೇ ದಿಕ್ಕಿಗೆ ಓದುವುದರಿಂದ ಎ ಬದಿ ನೆಟ್ಟಗೆ, ಬಿ ಬದಿ ಉಲ್ಟಾ, ಎರಡೂ ಒಟ್ಟಿಗೆ ಕೇಳುತ್ತವೆ. ನಾನು ಬಿ ಬದಿಯ ಸಾಲುಗಳನ್ನು ಮುಚ್ಚಲು ಮರೆತಿದ್ದೆ.

ತಾಯಿಯ ನಾಟಿ ಹಾಡು ಶುರುವಾಯಿತು. ಅದರ ಹಿಂದಿನಿಂದ ಇನ್ನೇನೋ ಬಂತು. ತಾಳದ ಸದ್ದು ಎಲ್ಲಿಂದಲೋ ಹುಟ್ಟಿ, ಹಿಗ್ಗಿ ಹಿಗ್ಗಿ, ಥಟ್ಟನೆ ನಿಲ್ಲುತ್ತಿತ್ತು. ನಡುವೆ ಒಂದು ಹೆಣ್ಣು ದನಿ ಯಾವ ಭಾಷೆಯೂ ಅಲ್ಲದ ಮಾತಿನಲ್ಲಿ ಏರುತ್ತ ಇಳಿಯುತ್ತ ಹಾಡುತ್ತಿತ್ತು, ಒಮ್ಮೊಮ್ಮೆ ಉಸಿರು ಎಳೆದುಕೊಂಡು ನಗುತ್ತಿತ್ತು.

“ಲೇ, ಯಾರೋ ನಗಾಕತ್ತಾರಲೇ!” ಡ್ರಮ್ಮಿನವನು ಎದ್ದು ನಿಂತ. “ಮುಚ್ಚಬ್ಯಾಡ್ರಿ ಸಾರ್, ಇದ ಬೇಕು. ಇದ ಆ ಕೆಳಗಿನ ಊರು!”

ಅಷ್ಟು ದಿನ ಹೊಳೆ, ಗೋದಾಮು ಅಂತ ಅಲೆದು ಹುಡುಕಿದ್ದು ನನ್ನ ಒಂದು ಮರೆವಿನಲ್ಲಿ ಸಿಕ್ಕಿತ್ತು. ಆ ಎರಡು ನಿಮಿಷಕ್ಕೆ ಆ ದನಿಯನ್ನೇ ಹಾಕಿದೆ. ಹರಿಗೋಲಿನ ಗಿಟಾರನ್ನು ಅದರ ಸುತ್ತ ತಿರುಗಿಸಿದೆ. ನಗುವಿನ ಜಾಗದಲ್ಲಿ ಡ್ರಮ್ಮನ್ನು ಪೂರ್ತಿ ನಿಲ್ಲಿಸಿದೆ. ನಾನು ಮಾಡಿದ ಕೆಲಸಗಳಲ್ಲಿ ಅದರಷ್ಟು ಚೆನ್ನಾಗಿ ಬಂದದ್ದು ಇನ್ನೊಂದಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಈಗ ನಾಚಿಕೆಯಾಗುತ್ತದೆ.

ಒಂದು ವಾರ ಬಿಟ್ಟು ಆ ಭಾಗದಲ್ಲಿ ಚಿಟ್ಟೆನ್ನುವ ಒಂದು ಸದ್ದನ್ನು ತೆಗೆಯಬೇಕಿತ್ತು. ಅದು ಎಲ್ಲಿಂದ ಬರುತ್ತಿದೆ ಎಂದು ಹುಡುಕಲು ಬಿ ಬದಿಯ ಸಾಲನ್ನು ಕಂಪ್ಯೂಟರಿನಲ್ಲಿ ತಿರುಗಿಸಿ ನೆಟ್ಟಗೆ ಮಾಡಿ ಕೇಳಿದೆ. ಆಗ ಹಾಡುಗಾರನೂ ನನ್ನ ಪಕ್ಕ ಕೂತಿದ್ದ. ಮೊದಲು ಭಜನೆ. ತಾಳ, ಹಾರ್ಮೋನಿಯಂ, ಏಳೆಂಟು ಗಂಡು ದನಿ. ಆಮೇಲೆ ಭಜನೆಯ ಮೇಲಿಂದ ಹೆಣ್ಣು ದನಿ ಎದ್ದಿತು.

“ಯವ್ವಾ, ನನ್ನವ್ವಾ, ಕೈ ಬಿಟ್ಟು ಹೋದ್ಯಲ್ಲವ್ವಾ... ನನ್ನ ತಲಿ ಯಾರು ಬಾಚಬೇಕವ್ವಾ... ಯಾರ ಮಾರಿ ನೋಡಲವ್ವಾ...”

ಸಾವಿನ ಮನೆಯಲ್ಲಿ ನಮ್ಮ ಕಡೆ ಹೆಂಗಸರು ಹಾಡಿಕೊಂಡು ಅಳುತ್ತಾರೆ. ಹೋದವರನ್ನು ಹೆಸರು ಹೇಳಿ ಕರೆಯದೆ ಸಂಬಂಧ ಹಿಡಿದು ಕರೆದು, ಅವರು ಮಾಡುತ್ತಿದ್ದ ಒಂದೊಂದೇ ಕೆಲಸ ನೆನೆದು ಅಳುತ್ತಾರೆ. ನಾವು ಇಷ್ಟು ದಿನ ನಗು ಅಂದುಕೊಂಡದ್ದು ಬಿಕ್ಕು. ಬಿಕ್ಕುವುದನ್ನು ಹಿಂದುಮುಂದು ಮಾಡಿದರೆ ನಕ್ಕಂತೆ ಕೇಳುತ್ತದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಹಾಡುಗಾರ ಹೆಡ್‌ಫೋನ್ ತೆಗೆದ. “ಅವ್ವನ ದನೀರಿ. ನಮ್ಮಜ್ಜಿ ಸತ್ತಾಗಿಂದು ಇರ್ಬೇಕು. ಯವ್ವಾ ಅಂತ ಕರ್ಯಾಕತ್ತಾಳ.”

ನನಗೂ ಹಾಗೇ ಅನಿಸಿತು. ತಾಯಿಯನ್ನು ಕಳೆದುಕೊಂಡ ಮಗಳು ಇನ್ನೇನೆಂದು ಅಳುತ್ತಾಳೆ? ಅಜ್ಜಿ ತುಂಬು ವಯಸ್ಸಿನಲ್ಲಿ ಹೋದವರಂತೆ. ಆದರೂ ಕೇಳದೆ ಹಾಕುವುದು ತಪ್ಪು ಎಂದು ಇಬ್ಬರಿಗೂ ಅನಿಸಿತು. “ಅವ್ವಗ ಒಮ್ಮೆ ಕೇಳಿಸೋಣ ಸಾರ್. ಅಜ್ಜಿ ನೆನಪಾಗಿ ಎರಡ ಹನಿ ಕಣ್ಣೀರ ಹಾಕ್ತಾಳ, ಆಮ್ಯಾಲೆ ಹೂಂ ಅಂತಾಳ,” ಅಂದ. ಎಲ್ಲವನ್ನೂ ಫೋನಿಗೆ ಹಾಕಿಕೊಂಡು ಒಂದು ಸಣ್ಣ ಸ್ಪೀಕರಿನೊಂದಿಗೆ ಎಮ್ಮಿಗನೂರಿಗೆ ಹೋದೆವು.

ಆ ತಾಯಿ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದರು. “ಬರ್ರಿ ಅಣ್ಣಾರ, ಕುಂದ್ರಿ,” ಎಂದು ಚಾಪೆ ಹಾಸಿದರು. ಮಗನಿಗೆ, “ಯಪ್ಪಾ, ನೀರು ತಂದುಕೊಡು ಅವರಿಗೆ,” ಅಂದರು. ನನ್ನ ಕಿವಿಯ ಬಗ್ಗೆ ನನಗೆ ಬಹಳ ಜಂಬ. ಮಗನನ್ನು ಯಪ್ಪಾ ಎನ್ನುವ ತಾಯಿ ಮಗಳನ್ನು ಏನೆನ್ನುತ್ತಾಳೆ ಎಂದು ಆ ಕಿವಿಗೆ ಆಗಲೂ ಹೊಳೆಯಲಿಲ್ಲ.

ನಾಟಿ ಹಾಡು ಕೇಳಿಸಿದಾಗ ಅವರ ಮುಖ ಅರಳಿತು. “ಆ ಕಡೀದೂ ಐತೇನ್ರಿ?” ಎಂದು ತಾವೇ ಕೇಳಿದರು. ಐತಿ ಎಂದು ನಾನು ಫೋನಿಗೆ ಕೈ ಹಾಕಿದ ಕೂಡಲೇ ತಡೆದರು. “ಮನಿಯಾಗ ಬ್ಯಾಡ್ರಿ. ಸಾವು ಇಲ್ದ ಮನಿಯಾಗ ಅಳು ಹಚ್ಚಬಾರದು. ಕಾಲಿವಿ ಕಡೆ ನಡೀರಿ.”

ಊರ ಹೊರಗೆ ಕಾಲುವೆಯ ಏರಿಯ ಮೇಲೆ ಕೂತೆವು. ನಾನು ಹಾಕಿದೆ. ಮೊದಲು ಭಜನೆ ಬಂತು. ತಮ್ಮ ದನಿ ಶುರುವಾದಾಗ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಹಾಡುಗಾರ ಮೆಲ್ಲಗೆ, “ಅಜ್ಜಿ ನೆನಪಾತೇನವ್ವ?” ಎಂದು ಕೇಳಿದ.

“ಅಜ್ಜಿ ಅಲ್ಲೋ ಯಪ್ಪಾ. ನಿಮ್ಮಕ್ಕ.”

ಹಾಡುಗಾರ ತಾಯಿಯ ಕಡೆ ತಿರುಗಿದ. ಅವನಿಗಿಂತ ಮೊದಲು ಒಬ್ಬ ಹೆಣ್ಣುಮಗಳಿದ್ದು, ಒಂಬತ್ತು ವರ್ಷದವಳಿದ್ದಾಗ ಮೂರು ದಿನದ ಜ್ವರದಲ್ಲಿ ಹೋದಳೆಂದು ಅವನಿಗೆ ಗೊತ್ತಿತ್ತಂತೆ. ಆದರೆ ಆ ಮಾತು ಮನೆಯಲ್ಲಿ ಎಂದೂ ಎತ್ತಿದವರಿಲ್ಲ. ಫೋಟೋ ಇಲ್ಲ. ನಾವಿಬ್ಬರೂ ಹುಟ್ಟಿದಾಗಿನಿಂದ ಕೇಳುತ್ತಿರುವ ಮಾತನ್ನೇ ತಪ್ಪಾಗಿ ಕೇಳಿಸಿಕೊಂಡಿದ್ದೆವು. ಇಲ್ಲಿ ಮಗಳು ತಾಯಿಗೆ ಯವ್ವಾ ಅನ್ನುತ್ತಾಳೆ, ತಾಯಿಯೂ ಮಗಳಿಗೆ ಯವ್ವಾ ಅನ್ನುತ್ತಾಳೆ. ಅವರ ತಲೆ ಬಾಚುತ್ತಿದ್ದವಳೂ ಆ ಮಗಳೇ.

ಅಳು ನಿಂತಿತು. ಮೂರ್ನಾಲ್ಕು ಸೆಕೆಂಡು ಸುಯ್ ಎಂದು ಅಲ್ಲಿಗೆ ಮುಗಿಯಿತು. ಅವರು ಏಳಲಿಲ್ಲ. ಸ್ಪೀಕರನ್ನೇ ನೋಡುತ್ತ ಕೂತರು.

“ಆಮ್ಯಾಲೆ?” ಅಂದರು.

“ಮುಗೀತಮ್ಮಾ.”

“ಮುಗಿದಿಲ್ಲ. ಇನ್ನಾ ಐತಿ.” ಅವರ ದನಿಯಲ್ಲಿ ಆತುರವಿತ್ತು. “ನಾಟಿ ಹಾಡು ತುಂಬಿಸಿದ ಮರುದಿನ ನನ್ನ ಮಗಳು ಆ ಕಡಿ ತಾನ ಏನೇನೋ ಮಾತಾಡಿ ತುಂಬಿಸಿದ್ಲು. ಆಕಿ ಹೋದ ದಿನ ಭಜನಿಯವರು ಗೊತ್ತಿಲ್ದ ಅದರ ಮ್ಯಾಲೆ ಭಜನಿ ತುಂಬಿಸಿದ್ರು. ಕೊನೀಗೆ ಒಂದೀಟು ಉಳಿದಿತ್ರಿ. ನಾ ಯವ್ವಾ ಯವ್ವಾ ಅಂತ ಅತ್ತು ಮುಗಿಸ್ತೀನಲ್ರಿ, ಆಮ್ಯಾಲೆ ಆಕಿ ‘ಯವ್ವಾ’ ಅಂತಾಳ. ಒಂದ ಸಲ. ಟೇಪ್‌ರೆಕಾರ್ಡರ್ ಕೆಡೋತನ ಇಲ್ಲೇ ತಂದು ಕೇಳ್ತಿದ್ದೆ.”

ಎ ಬದಿಯ ಶುರು ಎಲ್ಲಿದೆಯೋ ಅಲ್ಲೇ ಬಿ ಬದಿಯ ಕೊನೆ. ಇದು ನಾನು ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಕಲಿತದ್ದು. ನಾನು ಖಾಲಿ ಎಂದು ಕತ್ತರಿಸಿ ಬುಟ್ಟಿಗೆ ಎಸೆದದ್ದರ ಇನ್ನೊಂದು ಬದಿಯಲ್ಲಿ ಆ ಹುಡುಗಿ ಇದ್ದಳು. ಹಾಡುಗಾರ ನನ್ನ ಕಡೆ ನೋಡಿದ, ಅವನಿಗೂ ಅರ್ಥವಾಗಿತ್ತು.

“ಟೇಪು ಹಳೇದಮ್ಮಾ,” ಅಂದೆ. “ಕೊನೀಗೆ ತಾನ ಅಳಿಸಿ ಹೋಗಿರ್ಬೇಕು.”

“ಹೌದೇನೋ,” ಅಂದರು ಅವರು. “ಭಾಳ ವರ್ಷ ಆತು.” ಸೆರಗು ಕೊಡವಿಕೊಂಡು ಎದ್ದರು. ನಂಬಿದ್ದರು. ಬೈದಿದ್ದರೆ ನನಗೆ ಅಷ್ಟು ನೋಯುತ್ತಿರಲಿಲ್ಲ.

ವಾಪಸು ಬರುವಾಗ ಕಂಪ್ಲಿ ದಾಟುವವರೆಗೂ ಹಾಡುಗಾರ ರಸ್ತೆಯನ್ನೇ ನೋಡುತ್ತಿದ್ದ. ಆಮೇಲೆ ಅಂದ, “ಅಕ್ಕ ಇದ್ಲು ಅಂತ ಗೊತ್ತಿತ್ತು ಸಾರ್. ಆಕಿಗೆ ದನಿ ಇತ್ತು ಅಂತ ಒಮ್ಮೆನೂ ಅನ್ನಿಸಿರ್ಲಿಲ್ಲ.”

ಸ್ಟುಡಿಯೋ ಪೂರ್ತಿ ಗುಡಿಸಿದೆ. ಮೇಜು ಸರಿಸಿದೆ, ವೈರುಗಳ ಗಂಟು ಬಿಚ್ಚಿದೆ, ಬುಟ್ಟಿಯನ್ನು ತಲೆಕೆಳಗು ಮಾಡಿ ಬಡಿದೆ. ಕತ್ತರಿಸಿ ಹತ್ತು ದಿನವಾಗಿತ್ತು. ನನ್ನದೇ ದನಿಯಲ್ಲಿ ಹಾಡುತ್ತ ಬರುವ ಗಾಡಿ ಅದನ್ನು ಒಯ್ದಾಗಿತ್ತು. ಮರುದಿನ ಬೆಳಿಗ್ಗೆ ಅದೇ ಗಾಡಿ ಕೆಳಗೆ ಬಂದು ಹಾಡಿದಾಗ ಕಿಟಕಿ ಮುಚ್ಚಿದೆ.

ಒಂದೇ ಒಂದು ದಾರಿ ಉಳಿದಿತ್ತು. ಸುರುಳಿಯಲ್ಲಿ ಒಂದರ ಮೇಲೊಂದು ಕೂತ ಟೇಪು ವರ್ಷಗಟ್ಟಲೆ ಅಲುಗಾಡದೆ ಇದ್ದರೆ ಒಂದು ಪದರದ ದನಿ ಪಕ್ಕದ ಪದರಕ್ಕೆ ತುಸು ಅಂಟಿಕೊಳ್ಳುತ್ತದೆ. ಹಳೆಯ ಕ್ಯಾಸೆಟ್ಟುಗಳಲ್ಲಿ ಹಾಡು ಶುರುವಾಗುವ ಮೊದಲೇ ಅದರ ನೆರಳು ಸಣ್ಣಗೆ ಕೇಳುವುದು ಇದರಿಂದಲೇ. ಹುಡುಗಿಯ ದನಿ ಇದ್ದ ತುಂಡು ಹೋಗಿದ್ದರೂ ಅದರ ಕೆಳಗಿನ ಪದರ ನನ್ನ ಹತ್ತಿರವೇ ಇತ್ತು. ಹೊರ ಸುತ್ತಿನಲ್ಲಿ ಒಂದು ಸುತ್ತೆಂದರೆ ಸುಮಾರು ಮೂರು ಸೆಕೆಂಡು. ಅಳು ನಿಂತ ಮೇಲಿನ ಆ ಸುಯ್ ಸದ್ದಿನಲ್ಲಿ ಅವಳ ನೆರಳು ಇದ್ದರೂ ಇರಬಹುದು.

ಎಂಟು ದಿನ ಬೇರೆ ಕೆಲಸ ಮುಟ್ಟಲಿಲ್ಲ. ಟೇಪನ್ನು ಓದುವ ಹೆಡ್ಡನ್ನು ಸ್ಪಿರಿಟ್ಟಿನಿಂದ ಒರೆಸಿ, ಕೂದಲೆಳೆಯಷ್ಟು ಓರೆ ಮಾಡಿ, ಆ ಮೂರು ಸೆಕೆಂಡನ್ನು ಇಪ್ಪತ್ತು ಸಲ ಕಂಪ್ಯೂಟರಿಗೆ ಇಳಿಸಿದೆ. ಇಪ್ಪತ್ತನ್ನೂ ಒಂದರ ಮೇಲೊಂದು ಕೂಡಿಸಿದೆ. ಯಂತ್ರದ ಗೊರಕೆ ಪ್ರತಿ ಸಲ ಬೇರೆ ಬೇರೆ ಇರುತ್ತದೆ, ಟೇಪಿನ ಮೇಲಿನದು ಮಾತ್ರ ಪ್ರತಿ ಸಲ ಅದೇ, ಹಾಗಾಗಿ ಕೂಡಿಸುತ್ತ ಹೋದರೆ ಇದ್ದದ್ದು ಮೇಲೆ ಬರಬೇಕು. ಕರೆಂಟಿನ ಗುಂಯ್ ತೆಗೆದೆ. ಫ್ಯಾನು ಆರಿಸಿ, ಅಂಗಿ ಬಿಚ್ಚಿ ಕೂತು ಕೇಳಿದೆ. ಎಂಟನೆಯ ದಿನ ಏನೋ ಕೇಳಿತು. ಒಂದು ಸಣ್ಣ ಉಬ್ಬು, ‘ಯ’ ಅಂದಂತೆ.

ಇಬ್ಬರನ್ನೂ ಕರೆಸಿದೆ. “ನನಗೇನೂ ಕೇಳ್ಸವಲ್ದು ಸಾರ್,” ಅಂದ ಡ್ರಮ್ಮಿನವನು. ಹಾಡುಗಾರ ಕಣ್ಣು ಮುಚ್ಚಿ ಮೂರು ಸಲ ಕೇಳಿದ. “ಐತಿ ಅಂದ್ಕೊಂಡ್ರ ಐತಿ, ಇಲ್ಲ ಅಂದ್ಕೊಂಡ್ರ ಇಲ್ಲ.” ನಾನು ಅದೇ ಕ್ರಮದಲ್ಲಿ ಕ್ಯಾಸೆಟ್ಟಿನ ಇನ್ನೊಂದು ಖಾಲಿ ಜಾಗವನ್ನು ಇಳಿಸಿ ನೋಡಿದೆ. ಅಲ್ಲೂ ಅದೇ ಉಬ್ಬಿತ್ತು. ಅದು ಯಂತ್ರದ ಗಾಲಿಯ ಸದ್ದು.

ಡ್ರಮ್ಮಿನವನಿಗೆ ನನ್ನ ಮುಖ ನೋಡಿ ಕನಿಕರ ಬಂದಿರಬೇಕು. “ಸಾರ್, ನಮ್ಮಣ್ಣನ ಮಗಳು ಒಂಬತ್ತು ವರ್ಷದಾಕಿ. ಆಕಿ ಕಡಿಂದ ‘ಯವ್ವಾ’ ಅನ್ಸೋಣ. ನೀವು ಅದಕ್ಕ ಟೇಪಿನ ಸುಯ್ ಹಾಕಿ ಹಳೇದು ಮಾಡಿಬಿಡ್ರಿ. ದೇವರಿಗೂ ಗೊತ್ತಾಗಂಗಿಲ್ಲ. ಆ ತಾಯಿಗೆ ಸಮಾಧಾನ ಆದ್ರ ಸಾಕಲ್ರಿ.”

ಸುಳ್ಳು ಹೇಳುವುದಿಲ್ಲ, ನಾನು ಅದನ್ನು ಮಾಡಿದೆ. ಅವನು ಫೋನಿನಲ್ಲಿ ಕಳಿಸಿದ ಆ ಮಗುವಿನ ದನಿಯಲ್ಲಿನ ತೀರ ಕೀಚಲು, ತೀರ ದಪ್ಪ ಅಂಶಗಳನ್ನು ತೆಗೆದು, ತುಸು ಓಲಾಡಿಸಿ, ಅದೇ ಕ್ಯಾಸೆಟ್ಟಿನ ಸುಯ್ ಸದ್ದಿನೊಳಗೆ ಮುಳುಗಿಸಿ, ಅಳುವಿನ ಕೊನೆಗೆ ಜೋಡಿಸಿದೆ. ಅರ್ಧ ದಿನದ ಕೆಲಸ. ತಾಯಿ ಅತ್ತು ನಿಲ್ಲಿಸುತ್ತಾಳೆ, ಒಂದು ಕ್ಷಣ ಬಿಟ್ಟು ಹುಡುಗಿ ಯವ್ವಾ ಅನ್ನುತ್ತಾಳೆ. ಕೇಳಿ ನನಗೇ ಹೆದರಿಕೆಯಾಯಿತು.

ಹಾಡುಗಾರ ಅದನ್ನು ಕೇಳಿ ಹೆಡ್‌ಫೋನ್ ತೆಗೆದಿಟ್ಟ.

“ಅವ್ವ ನಂಬತಾಳ್ರಿ?”

“ನಂಬಬಹುದು.”

“ನಾನೂ ನಂಬತೀನಿ ಸಾರ್, ಅದ ತ್ರಾಸು. ನನಗ ಅಕ್ಕನ ದನಿ ಗೊತ್ತಿಲ್ಲ. ಇದನ್ನ ಕೇಳ್ದೆ ಅಂದ್ರ ಇನ್ನ ಮ್ಯಾಲೆ ಇದ ಆಕಿ ದನಿ ಆಗಿಬಿಡ್ತೈತಿ. ಆಗ ಆಕಿ ಖರೇನ ಹೋದಂಗ.”

ಅವನ ಎದುರಿಗೇ ಆ ಫೈಲನ್ನು ಅಳಿಸಿದೆ. ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳುವುದೆಂದು ಆಗ ನಿಶ್ಚಯ ಮಾಡಿದೆ. ಹೇಳದಿದ್ದರೆ ಆ ತಾಯಿ ತಾನು ಇಷ್ಟು ವರ್ಷ ಜೋಪಾನ ಮಾಡಿದ್ದು ಸಾಲಲಿಲ್ಲವೇನೋ ಎಂದು ಕೊರಗುತ್ತಾರೆ. ಆ ಕೊರಗು ನನ್ನ ಪಾಲಿನದಾಗಿತ್ತು.

ಅವರ ಮನೆಯ ಕೆಟ್ಟ ಟೇಪ್‌ರೆಕಾರ್ಡರನ್ನು ಹಾಡುಗಾರನಿಂದ ತರಿಸಿಕೊಂಡು ಬೆಲ್ಟು ಬದಲಿಸಿ, ಗಾಲಿಗಳಿಗೆ ಎಣ್ಣೆ ಬಿಟ್ಟು, ಸೆಲ್ ಹಾಕಿ, ಕ್ಯಾಸೆಟ್ಟಿನ ಸಮೇತ ಎಮ್ಮಿಗನೂರಿಗೆ ಒಯ್ದೆ. ಕುಂದ್ರಿ ಅಂದರೂ ಕೂರದೆ ನಿಂತೇ ಹೇಳಿದೆ.

“ಅವತ್ತು ಸುಳ್ಳು ಹೇಳಿದೆ ಅಮ್ಮಾ. ಅದು ಹಳೇದಾಗಿ ಅಳಿಸಿಲ್ಲ. ಸುಕ್ಕಾಗಿತ್ತು, ಖಾಲಿ ಐತಿ ಅಂತ ತಿಳ್ಕೊಂಡು ನಾನ ಕತ್ತರಿಸಿ ಒಗದೀನಿ.”

ಅವರಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. “ಆ ಕಡಿ ಹೊಳ್ಳಿಸಿ ಕೇಳಲಿಲ್ಲೇನ್ರಿ?”

“ಇಲ್ಲಮ್ಮಾ.”

“ಒಗದದ್ದು ಎಲ್ಲೈತಿ?”

“ಹುಡುಕಿದೆ. ಸಿಗಲಿಲ್ಲ.”

ಅವರು ಎದ್ದು ಹಿತ್ತಲಿಗೆ ಹೋದರು. ಎಮ್ಮೆಗೆ ನೀರು ಇಡುವ ಸದ್ದು ಕೇಳಿತು, ಆಮೇಲೆ ಏನೂ ಕೇಳಲಿಲ್ಲ. ಹಾಡುಗಾರ ಗೋಡೆಗೆ ಒರಗಿ ನಿಂತಿದ್ದ. ಬಹಳ ಹೊತ್ತಿನ ಮೇಲೆ ಬಂದರು. ಮುಖ ತೊಳೆದಿದ್ದರು. ನನ್ನ ಕಡೆ ನೋಡದೆ ಮಗನನ್ನು ಕೇಳಿದರು, “ನಿಮ್ಮ ಹಾಡಿನಾಗ ಅದನ್ನ ಹೆಂಗ ಹಾಕೀರಿ?”

“ಉಲ್ಟಾ ಹಾಕೀವವ್ವ. ಮಾತು ತಿಳಿಯಂಗಿಲ್ಲ. ಕೇಳಿದೋರಿಗೆ ಯಾರೋ ನಕ್ಕಂಗ ಅನಿಸ್ತೈತಿ. ಬ್ಯಾಡ ಅಂದ್ರ ತಗಸ್ತೀವಿ.”

ಅವರು ಯೋಚಿಸಿದರು. “ನೆಟ್ಟಗ ಯಾರಿಗೂ ಕೇಳಿಸಬ್ಯಾಡ್ರಿ. ಉಲ್ಟಾ ಇರ್ಲಿ. ನಕ್ಕಂಗ ಅನಿಸಿದ್ರ ಅನಿಸ್ಲಿ.”

ನಾನು ಕೈಮುಗಿದೆ. ಕ್ಷಮಿಸಿದರೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ, ಕೇಳುವ ಯೋಗ್ಯತೆಯೂ ನನಗಿಲ್ಲ. ಟೇಪ್‌ರೆಕಾರ್ಡರನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡು ಅವರು ಕಾಲುವೆಯ ಕಡೆ ನಡೆದರು. ಬರಬೇಡಿ ಅನ್ನಲಿಲ್ಲವಾದ್ದರಿಂದ ನಾವಿಬ್ಬರೂ ಹಿಂದೆ ಹೋಗಿ ತುಸು ದೂರದಲ್ಲಿ ನಿಂತೆವು.

ಕಾಲುವೆಯಲ್ಲಿ ನೀರು ತುಂಬಿ ಹೋಗುತ್ತಿತ್ತು. ಆಚೆಯ ಗದ್ದೆಯಲ್ಲಿ ನಾಟಿ ನಡೆದಿತ್ತು. ಅವರು ಏರಿಯ ಮೇಲೆ ಕೂತು, ಕ್ಯಾಸೆಟ್ಟನ್ನು ತಾವೇ ಹೊಳ್ಳಿಸಿ ಹಾಕಿ, ಗುಂಡಿ ಒತ್ತಿದರು. ಭಜನೆ ಬಂತು, ಹೋಯಿತು. ಅವರ ಮೂವತ್ತು ವರ್ಷದ ಹಿಂದಿನ ಅಳು ಬಂತು. ಅವರು ಅಳಲಿಲ್ಲ. ಅದು ಮುಗಿಯುವುದನ್ನೇ ಕಾಯುತ್ತಿದ್ದವರ ಹಾಗೆ ಬಾಗಿ ಕೂತಿದ್ದರು. ಕೊನೆಯ ಯವ್ವಾ ಮುಗಿಯಿತು. ಸುಯ್ ಎಂದಿತು. ನಾನು ಜೋಡಿಸಿದ ಜಾಗ ಯಾವ ಸದ್ದೂ ಮಾಡದೆ ದಾಟಿಹೋಯಿತು, ಗುಂಡಿ ಟಕ್ಕೆಂದು ಮೇಲೆ ಬಂದು ಯಂತ್ರ ನಿಂತಿತು.

ಆ ತಾಯಿ ಟೇಪ್‌ರೆಕಾರ್ಡರಿನ ಹತ್ತಿರಕ್ಕೆ ಮುಖ ತಂದು, “ಏನವ್ವಾ?” ಅಂದರು.